ಏಳು ಸಾವಿರದೊಳಗಿನ ಕಂಪ್ಯೂಟರ್ ವಾಟರ್ ಕೂಲರ್: ಕರಾವಳಿಯ ಸೆಕೆಯಲ್ಲಿ ಯಾವುದು ಬಾಳುತ್ತದೆ

ಕಂಪ್ಯೂಟರಿನ ಪ್ರೊಸೆಸರನ್ನು ತಂಪಾಗಿಡುವ ಕೂಲರ್‌ಗಳ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಪರೀಕ್ಷೆಗಳಲ್ಲಿ ಹೆಚ್ಚಿನವು 20ರಿಂದ 22 ಡಿಗ್ರಿಯ ಕೋಣೆಯಲ್ಲಿ ನಡೆದಂಥವು. ಏಪ್ರಿಲ್ ಕೊನೆಯಲ್ಲಿ ಮಂಗಳೂರಿನ ಎ.ಸಿ. ಇಲ್ಲದ ಮನೆಯಲ್ಲಿ ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೂ ಗಾಳಿಯ ಬಿಸಿ 32-33 ಡಿಗ್ರಿ ಇರುತ್ತದೆ. ಈ ಹನ್ನೊಂದು ಡಿಗ್ರಿ ಹೆಚ್ಚುಕಡಿಮೆ ಹಾಗೆಯೇ ಪ್ರೊಸೆಸರ್‌ನ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ 72 ತೋರಿಸಿದ ಕೂಲರ್ ಇಲ್ಲಿ 83 ತೋರಿಸುತ್ತದೆ, ಅದು ಕೂಲರ್‌ನ ತಪ್ಪಲ್ಲ. ಒಳಗೆ ನೀರೇ ಹರಿಯಲಿ, ತಾಮ್ರದ ಹೀಟ್‌ಪೈಪೇ ಇರಲಿ, ಶಾಖವನ್ನು ಕೊನೆಗೆ ಒಪ್ಪಿಸಬೇಕಾದದ್ದು ಅದೇ ಕೋಣೆಯ ಗಾಳಿಗೆ. ವಾಟರ್ ಕೂಲಿಂಗ್ ಹಾಕಿಸಿದರೆ ಫ್ರಿಜ್ಜಿನಂತೆ ತಣ್ಣಗಿರುತ್ತದೆ ಎಂದು ನಂಬಿ ಅಂಗಡಿಗೆ ಹೋಗುವವರು ಮೊದಲು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೋಣೆಯ ಬಿಸಿಗಿಂತ ಕೆಳಗೆ ಯಾವ ವಾಟರ್ ಕೂಲರೂ ಇಳಿಯುವುದಿಲ್ಲ.

ಹಾಗಾದರೆ ನೀರಿನಿಂದ ಏನು ಲಾಭ? ಶಾಖವನ್ನು ಪ್ರೊಸೆಸರ್‌ನ ಮೇಲಿನ ಇಕ್ಕಟ್ಟಾದ ಜಾಗದಿಂದ ಎತ್ತಿ, ಕ್ಯಾಬಿನೆಟ್ಟಿನ ಅಂಚಿನಲ್ಲಿರುವ ಅಗಲವಾದ ರೇಡಿಯೇಟರ್‌ಗೆ ಸಾಗಿಸುವುದು, ಅಷ್ಟೆ. ಅಲ್ಲಿಂದ ಎರಡು ಫ್ಯಾನ್‌ಗಳು ಅದನ್ನು ನೇರವಾಗಿ ಹೊರಗೆ ತಳ್ಳುತ್ತವೆ. ನೀರು ಶಾಖವನ್ನು ಎಷ್ಟು ಸಲೀಸಾಗಿ ಹೊರುತ್ತದೆಂದರೆ, ನಿಮಿಷಕ್ಕೆ ಒಂದು ಲೀಟರ್ ಹರಿವಿಗೆ 100 ವಾಟ್ ಶಾಖ ಕೊಟ್ಟರೂ ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಇರುವ ವ್ಯತ್ಯಾಸ ಸುಮಾರು 1.4 ಡಿಗ್ರಿ ಮಾತ್ರ. ಈ ಸಂಖ್ಯೆ ನೆನಪಿರಲಿ. ಪಂಪ್ ಕೆಟ್ಟಿದೆಯೇ ಎಂದು ಕೈಯಿಂದ ಮುಟ್ಟಿ ತಿಳಿಯಲು ಮುಂದೆ ಇದೇ ಬೇಕಾಗುತ್ತದೆ.

ಮೊದಲ ಪ್ರಶ್ನೆ: ಬೇಕೇ?

ಪ್ರೊಸೆಸರ್ ಪೆಟ್ಟಿಗೆಯ ಮೇಲೆ ಬರೆದ ಟಿಡಿಪಿ, ಅಂದರೆ ಶಾಖದ ಅಂದಾಜು ವಾಟ್ ಸಂಖ್ಯೆ, ನೋಡಿ ಕೂಲರ್ ಕೊಳ್ಳಬೇಡಿ, ಅದು ನಿಜವಾಗಿ ಎಳೆಯುವ ವಿದ್ಯುತ್ ಬೇರೆ. ಎಎಂಡಿ ಕಂಪನಿಯ ರೈಜನ್ 5 5600 ಮತ್ತು ರೈಜನ್ 7 5700ಎಕ್ಸ್ ಎರಡಕ್ಕೂ ಬರೆದಿರುವುದು 65 ವಾಟ್, ನಿಜವಾಗಿ ಎಳೆಯುವ ಮಿತಿ 76 ವಾಟ್. ರೈಜನ್ 5 7600 ಕೂಡ 65ರದ್ದೇ, ಆದರೆ 88ರವರೆಗೆ ಹೋಗುತ್ತದೆ. ಇಂಟೆಲ್ ಐ5-12400ಎಫ್ ಟರ್ಬೊದಲ್ಲಿ 117. ಈ ಗುಂಪಿನವರಿಗೆ ವಾಟರ್ ಕೂಲರ್ ಹಾಕುವುದು ದುಂದುವೆಚ್ಚ. ಡೀಪ್‌ಕೂಲ್ ಎಕೆ400ರಂಥ ನಾಲ್ಕು ಹೀಟ್‌ಪೈಪಿನ ಒಂಟಿ ಟವರ್ ಕೂಲರ್ (ನೀರಿಲ್ಲದೆ, ರೆಕ್ಕೆಗಳ ಗೋಪುರಕ್ಕೆ ಫ್ಯಾನ್ ಊದುವಂಥದ್ದು) ಎರಡೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಎತ್ತರ 155 ಮಿಲಿಮೀಟರ್, ಸಾಮಾನ್ಯ ಕ್ಯಾಬಿನೆಟ್ಟುಗಳಲ್ಲಿ ಕೂರುತ್ತದೆ, ಮೇ ತಿಂಗಳ ಸೆಕೆಯಲ್ಲೂ ಈ ಪ್ರೊಸೆಸರ್‌ಗಳನ್ನು ಸಂಭಾಳಿಸುತ್ತದೆ. ಉಳಿದ ಹಣಕ್ಕೆ ಎಸ್‌ಎಸ್‌ಡಿ ದೊಡ್ಡದಾಗಲಿ.

ಲೆಕ್ಕ ಬದಲಾಗುವುದು 140 ವಾಟ್ ಹತ್ತಿರ. ರೈಜನ್ 7 5800ಎಕ್ಸ್ ಮತ್ತು 7700ಎಕ್ಸ್‌ನ ಮಿತಿ 142 ವಾಟ್. ಐ5-13600ಕೆ ಮತ್ತು 14600ಕೆ 181ರವರೆಗೆ ಎಳೆಯುತ್ತವೆ. ವಿಡಿಯೊ ಎಡಿಟಿಂಗ್, ಬ್ಲೆಂಡರ್ ರೆಂಡರ್, ದೊಡ್ಡ ಕೋಡ್ ಕಂಪೈಲ್ ಎಂದು ಅರ್ಧ ಗಂಟೆಗೂ ಹೆಚ್ಚು ಎಲ್ಲ ಕೋರ್‌ಗಳನ್ನೂ ದುಡಿಸುವವರಿಗೆ 240 ಮಿಲಿಮೀಟರ್ ರೇಡಿಯೇಟರ್ (120ರ ಎರಡು ಫ್ಯಾನ್ ಹಿಡಿಸುವಷ್ಟು ಉದ್ದದ್ದು) ಇಲ್ಲಿಂದ ಅರ್ಥಪೂರ್ಣವಾಗತೊಡಗುತ್ತದೆ. ಬರೀ ಗೇಮ್ ಆಡುವವರಿಗೆ ಇವುಗಳಲ್ಲೂ ಅಷ್ಟು ಬೇಕಿಲ್ಲ. ಗೇಮಿನಲ್ಲಿ ಪ್ರೊಸೆಸರ್ ತನ್ನ ಮಿತಿಯ ಅರ್ಧದ ಸುತ್ತ ಓಡಾಡುತ್ತದೆ, ಬೆವರುವುದು ಗ್ರಾಫಿಕ್ಸ್ ಕಾರ್ಡ್. ಗೇಮಿಂಗಿಗೆಂದು ಕೊಳ್ಳುವ 7800ಎಕ್ಸ್3ಡಿ ಕೂಡ ಹೀಗೆಯೇ: ಬರೆದಿರುವುದು 120 ವಾಟ್, ಗೇಮ್ ಆಡುವಾಗ ಎಳೆಯುವುದು ಅದಕ್ಕಿಂತ ಬಹಳ ಕಡಿಮೆ.

ಐ7-14700ಕೆ, ಐ9-14900ಕೆ ಇರುವವರಿಗೆ ಈ ಬಜೆಟ್ಟಿನಲ್ಲಿ ಉತ್ತರವಿಲ್ಲ. 253 ವಾಟ್ ಎಳೆಯುವ ಚಿಪ್ಪಿಗೆ 33 ಡಿಗ್ರಿಯ ಕೋಣೆಯಲ್ಲಿ 240ರ ರೇಡಿಯೇಟರ್ ಸಾಲದು. ಒಂದೋ 360ಕ್ಕೆ ಹೋಗಬೇಕು, ಇಲ್ಲವೇ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗು) ಮಿತಿಯನ್ನು ಇಳಿಸಬೇಕು. 13 ಮತ್ತು 14ನೇ ತಲೆಮಾರಿನ ಇಂಟೆಲ್ ಚಿಪ್ಪುಗಳಿಗೆ, ಅವು ಕೆಡದಂತೆ ತಡೆಯಲು 2024ರಲ್ಲಿ ಬಂದ ಮೈಕ್ರೊಕೋಡ್ ತಿದ್ದುಪಡಿ ಇರುವ ಬಯೋಸ್ ಹಾಕಿಕೊಳ್ಳುವುದು ಕೂಲರ್‌ಗಿಂತ ಮೊದಲಿನ ಕೆಲಸ.

ಇನ್ನೊಂದು ಮಾತು ರೈಜನ್ 7000 ಸರಣಿಯ ಎಕ್ಸ್ ಮಾದರಿಗಳಿಗೆ. ಪೂರ್ತಿ ದುಡಿಮೆಯಲ್ಲಿ 95 ಡಿಗ್ರಿ ಮುಟ್ಟುವುದು ಅವುಗಳ ವಿನ್ಯಾಸದಲ್ಲೇ ಇದೆ. ಚಿಕ್ಕ ಚಿಪ್ಪಿನಿಂದ ಮೇಲಿನ ದಪ್ಪ ಮುಚ್ಚಳಕ್ಕೆ ಶಾಖ ದಾಟುವುದೇ ತಡ, ಹಾಗಾಗಿ ಕೂಲರ್ ದೊಡ್ಡದಾದರೂ ಸಂಖ್ಯೆ ನಾವು ಬಯಸಿದಷ್ಟು ಇಳಿಯುವುದಿಲ್ಲ. ಬಯೋಸ್‌ನಲ್ಲಿ ಇಕೊ ಮೋಡ್ 65 ವಾಟ್ ಆರಿಸಿದರೆ ಮಿತಿ 88ಕ್ಕೆ ಇಳಿಯುತ್ತದೆ, ವೇಗದಲ್ಲಿ ಕಳೆದುಕೊಳ್ಳುವುದು ಸ್ವಲ್ಪವೇ, ಖರ್ಚು ಸೊನ್ನೆ. ಇದನ್ನು ಮಾಡಿ ನೋಡದೆ ಏಳು ಸಾವಿರ ಎಣಿಸಬೇಡಿ.

ಅಂಗಡಿಯಲ್ಲಿ ಸಿಗುವ ಮೂರು ದಾರಿ

ಏಳು ಸಾವಿರದ ಒಳಗೆ ಮೂರು ದಾರಿಗಳಿವೆ: ಪಂಪ್, ಟ್ಯೂಬು, ರೇಡಿಯೇಟರ್ ಎಲ್ಲ ಒಂದಾಗಿ ಸೀಲ್ ಮಾಡಿ ಬರುವ 240ರ ಎಐಒ (ಆಲ್-ಇನ್-ಒನ್), ಆನ್‌ಲೈನಿನಲ್ಲಿ ಬಿಡಿಬಿಡಿಯಾಗಿ ಸಿಗುವ ನಾವೇ ಜೋಡಿಸಿ ನೀರು ತುಂಬಬೇಕಾದ ಅಗ್ಗದ ಓಪನ್ ಲೂಪ್ ಕಿಟ್, ನೀರಿಲ್ಲದ ಜೋಡಿ ಟವರ್.

ಕಿಟ್ಟಿನಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಅದನ್ನು ಬೇಡವೆನ್ನಲು ಗಟ್ಟಿಯಾದ ಕಾರಣಗಳಿವೆ. ಬೆಲೆ ಕಡಿಮೆ ಮಾಡಲು ಈ ಕಿಟ್ಟುಗಳಲ್ಲಿ ಕೊಡುವುದು ಅಲ್ಯುಮಿನಿಯಂ ರೇಡಿಯೇಟರ್. ಪ್ರೊಸೆಸರ್ ಮೇಲೆ ಕೂರುವ ಬ್ಲಾಕಿನ ತಳ ತಾಮ್ರ. ಒಂದೇ ನೀರಿನಲ್ಲಿ ಈ ಎರಡು ಲೋಹ ಮುಳುಗಿದರೆ ಅದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಅಲ್ಯುಮಿನಿಯಂ ಕರಗುತ್ತಾ ಹೋಗಿ ಬಿಳಿ ಗಸಿಯಾಗುತ್ತದೆ, ಆ ಗಸಿ ಬ್ಲಾಕಿನ ಕೂದಲೆಳೆಯಂಥ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಸೀಲ್ ಮಾಡಿದ ಎಐಒಗಳಲ್ಲೂ ಇವೇ ಎರಡು ಲೋಹಗಳಿರುತ್ತವೆ ನಿಜ. ಆದರೆ ಅಲ್ಲಿ ಗ್ಲೈಕಾಲ್ ಮತ್ತು ತುಕ್ಕುನಿರೋಧಕವನ್ನು ಅಳತೆಗೆ ಬೆರೆಸಿ ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ, ಹೊರಗಿನ ಗಾಳಿ ಒಳಗೆ ಸೇರುವುದಿಲ್ಲ. ಕಿಟ್ಟಿಗೆ ನಾವು ಮನೆಯಲ್ಲಿ ನೀರು ತುಂಬುತ್ತೇವೆ. ನಮ್ಮ ಬಾವಿಯ ನೀರು ಸೋಸಿದರೂ ಬೇಡ, ಫಿಲ್ಟರಿನ ನೀರೂ ಬೇಡ. ಡಿಸ್ಟಿಲ್ಡ್ ನೀರೊಂದನ್ನೇ ತುಂಬಿದರೂ ತುಕ್ಕುನಿರೋಧಕ ಇಲ್ಲದಿದ್ದರೆ ಲೋಹಗಳ ಜಗಳ ನಿಲ್ಲುವುದಿಲ್ಲ. ಪಾರದರ್ಶಕ ಪಿವಿಸಿ ಟ್ಯೂಬು ಮಂಜಾಗುತ್ತದೆ, ಕಿಟಕಿಯ ಬೆಳಕು ಬಿದ್ದರೆ ಪಾಚಿಯೂ ಬೆಳೆಯುತ್ತದೆ. ತಾಮ್ರದ ರೇಡಿಯೇಟರ್, ಡಿ5 ಅಥವಾ ಡಿಡಿಸಿ ಪಂಪ್, ಜಿ1/4 ಫಿಟ್ಟಿಂಗುಗಳ ಒಳ್ಳೆಯ ಲೂಪ್ ಕಟ್ಟಲು ಇಪ್ಪತ್ತು ಸಾವಿರಕ್ಕೆ ಕಡಿಮೆ ಸಾಲದು. ಅದನ್ನು ವರ್ಷಕ್ಕೊಮ್ಮೆ ಖಾಲಿ ಮಾಡಿ ತೊಳೆದು ತುಂಬಬೇಕು.

ಈಗಾಗಲೇ ಕಿಟ್ ಕೊಂಡವರು ಒಂದು ಕೆಲಸ ತಪ್ಪದೆ ಮಾಡಿ. ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರಂಟ್ ಕೊಡುವ ಪೆಟ್ಟಿಗೆ) 24 ಪಿನ್ ಕನೆಕ್ಟರನ್ನು ಮದರ್‌ಬೋರ್ಡಿನಿಂದ ತೆಗೆದು, ಅದರ 16ನೇ ಪಿನ್ನನ್ನು, ಹಳೆಯ ಕೇಬಲ್‌ಗಳಲ್ಲಿ ಅದು ಹಸಿರು ತಂತಿ, ಪಕ್ಕದ ಕಪ್ಪು ತಂತಿಗೆ ಜೋಡಿಸಿದರೆ ಎಸ್‌ಎಂಪಿಎಸ್ ತಾನೇ ಆನ್ ಆಗುತ್ತದೆ. ಪಂಪಿಗೆ ಮಾತ್ರ ಕರಂಟ್ ಕೊಟ್ಟು, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದವಿಟ್ಟು 24 ಗಂಟೆ ಓಡಿಸಿ. ಒಂದು ಕಾಗದ ಒದ್ದೆಯಾದರೂ ಮದರ್‌ಬೋರ್ಡಿಗೆ ಕರಂಟ್ ಕೊಡಬೇಡಿ.

ಜೋಡಿ ಟವರ್ ದಾರಿಯನ್ನು ಹಲವರು ಹಳೆಯ ಕಾಲದ್ದೆಂದು ಬದಿಗಿಡುತ್ತಾರೆ, ಅದು ತಪ್ಪು. ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ಆರು ಹೀಟ್‌ಪೈಪು, ಎರಡು ಫ್ಯಾನಿನ ಕೂಲರ್, ಎತ್ತರ 155 ಮಿಲಿಮೀಟರ್. ಬೆಲೆ ಅಗ್ಗದ 240ರ ಎಐಒಗಿಂತ ಕಡಿಮೆ. 142 ವಾಟಿನ ಪ್ರೊಸೆಸರಿಗೆ ಇವೆರಡರ ನಡುವಿನ ಅಂತರ ಕೆಲವೇ ಡಿಗ್ರಿ. ಪಂಪಿಲ್ಲ, ಸೋರುವ ಭಯವಿಲ್ಲ, ಕೆಟ್ಟರೆ ಕೆಡುವುದು ಫ್ಯಾನ್ ಮಾತ್ರ, ಅದು ಆರುನೂರು ರೂಪಾಯಿಯ ಮಾತು. ಸಮುದ್ರದಿಂದ ಒಂದೆರಡು ಕಿಲೋಮೀಟರಿನೊಳಗೆ, ಮಲ್ಪೆ, ಸುರತ್ಕಲ್, ಉಳ್ಳಾಲದ ಕಡೆ, ಕಿಟಕಿ ತೆರೆದಿಡುವ ಮನೆಗಳಿಗೆ ನಮ್ಮ ಮೊದಲ ಆಯ್ಕೆ ಇದೇ. 180 ವಾಟ್ ದಾಟಿದ ಮೇಲೆ 240ರ ರೇಡಿಯೇಟರ್ ತನ್ನ ಬೆಲೆಯನ್ನು ಪೂರ್ತಿ ದುಡಿದು ಕೊಡುತ್ತದೆ. ಹೀಗಿದ್ದರೂ ನೀರನ್ನೇ ಆರಿಸಲು ಒಳ್ಳೆಯ ಕಾರಣಗಳಿವೆ: ಎತ್ತರದ ಹೀಟ್‌ಸಿಂಕ್ ಇರುವ ರ‍್ಯಾಮ್‌ಗೆ ಟವರ್ ತಗಲುತ್ತದೆ, ಕಂಪ್ಯೂಟರನ್ನು ಹಾಸ್ಟೆಲಿಗೂ ಮನೆಗೂ ಹೊತ್ತು ತಿರುಗುವ ಮಣಿಪಾಲ, ಸುರತ್ಕಲ್‌ನ ವಿದ್ಯಾರ್ಥಿಗಳಿಗೆ ಮದರ್‌ಬೋರ್ಡಿನ ಮೇಲೆ ಮುಕ್ಕಾಲು ಕಿಲೋ ಭಾರ ನೇತಾಡುವುದು ಬಸ್ಸಿನ ಕುಲುಕಾಟದಲ್ಲಿ ಅಪಾಯ.

120 ಮಿಲಿಮೀಟರಿನ ಒಂಟಿ ಫ್ಯಾನ್ ಎಐಒ ಬಗ್ಗೆ ಹೇಳುವುದು ಒಂದೇ. ಅದೇ ಬೆಲೆಯ ಟವರ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಡ.

240ರ ಎಐಒಗಳಲ್ಲಿ ಯಾವುದು

ಕೂಲರ್ ಮಾಸ್ಟರ್ ಎಂಎಲ್240ಎಲ್ ವಿ2 ನಮ್ಮ ಕಡೆಯ ಅಂಗಡಿಗಳಿಗೆ ಪರಿಚಿತ ಮುಖ. ರೇಡಿಯೇಟರ್ 277 ಮಿಲಿಮೀಟರ್ ಉದ್ದ, 27 ದಪ್ಪ, ಫ್ಯಾನ್ ಸೇರಿ 52. ಫ್ಯಾನ್‌ಗಳು 650ರಿಂದ 1800 ಸುತ್ತು ತಿರುಗುತ್ತವೆ, ಪಂಪಿನಲ್ಲಿ ತಣ್ಣನೆಯ ನೀರಿಗೂ ಬಿಸಿನೀರಿಗೂ ಬೇರೆ ಬೇರೆ ಕೋಣೆ. 142 ವಾಟಿನವರೆಗೆ ನಂಬಬಹುದು, 180ಕ್ಕೆ ಹೋದರೆ ಬೇಸಿಗೆಯಲ್ಲಿ ಫ್ಯಾನ್ ಜೋರಾಗಿ ಕೂಗುತ್ತದೆ.

ಡೀಪ್‌ಕೂಲ್ ಎಲ್‌ಇ520ರ ಒಳಗೊಂದು ಮೆಚ್ಚಬೇಕಾದ ಏರ್ಪಾಡಿದೆ. ರೇಡಿಯೇಟರ್ ತೊಟ್ಟಿಯಲ್ಲಿ ಒಂದು ರಬ್ಬರ್ ಚೀಲ; ನೀರು ಬಿಸಿಯಾಗಿ ಹಿಗ್ಗಿದಾಗ ಚೀಲ ಅದುಮಿಕೊಂಡು ಒತ್ತಡವನ್ನು ನುಂಗುತ್ತದೆ. ಸೋರಿಕೆ ಸಾಮಾನ್ಯವಾಗಿ ಶುರುವಾಗುವುದು ಒತ್ತಡ ಏರಿಳಿಯುವ ಜೋಡಣೆಗಳಲ್ಲಿ, ಆದ್ದರಿಂದ ಇದು ಬರೀ ಜಾಹೀರಾತಿನ ಮಾತಲ್ಲ. ಎರಡರ ಬೆಲೆಯೂ ಒಂದೇ ಇದ್ದರೆ ನಾವು ಆರಿಸುವುದು ಇದನ್ನು.

ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ III ಈ ಬಜೆಟ್ಟನ್ನು ದಾಟುತ್ತದೆ, ಆದರೂ ಹೇಳದೆ ಬಿಡಲಾಗದು. ಆರು ವರ್ಷದ ವಾರಂಟಿ, 38 ಮಿಲಿಮೀಟರ್ ದಪ್ಪ ರೇಡಿಯೇಟರ್, ಇಂಟೆಲ್ ಸಾಕೆಟ್ಟಿನಲ್ಲಿ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪ್ರೊಸೆಸರ್ ಬಾಗದಂತೆ ಹಿಡಿಯುವ ಚೌಕಟ್ಟು ಪೆಟ್ಟಿಗೆಯಲ್ಲೇ ಇದೆ, ಎಎಂಡಿಯಲ್ಲಿ ಚಿಪ್ಪು ಇರುವ ಬದಿಗೆ ಸರಿಯುವಂತೆ ಬ್ಲಾಕನ್ನು ಕೂರಿಸುತ್ತಾರೆ. ಇದೇ ಕಂಪನಿ ಇದರ ಹಿಂದಿನ ಮಾದರಿಯ ಕೆಲವು ಬ್ಯಾಚುಗಳಲ್ಲಿ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಹದವಾಗದೆ ಗಂಧಕ ಬಿಟ್ಟು ತಾಮ್ರವನ್ನು ಕೆಡಿಸಬಹುದೆಂದು 2022ರಲ್ಲಿ ತಾನೇ ಪ್ರಕಟಿಸಿ, ಬದಲಿ ಕಿಟ್ಟನ್ನು ಉಚಿತವಾಗಿ ಕೊಟ್ಟಿತು. ದೋಷವನ್ನು ಹೀಗೆ ಒಪ್ಪಿಕೊಂಡು ಸರಿಪಡಿಸುವ ಕಂಪನಿಯ ಮೇಲೆ ನಂಬಿಕೆ ಹೆಚ್ಚುತ್ತದೆ. ತೊಂದರೆ ಎರಡು. ಫ್ಯಾನ್ ಸೇರಿ ದಪ್ಪ 63 ಮಿಲಿಮೀಟರ್, ನಾಲ್ಕು ಸಾವಿರದ ಕ್ಯಾಬಿನೆಟ್ಟುಗಳ ಮೇಲ್ಭಾಗದಲ್ಲಿ ಅಷ್ಟು ಜಾಗ ಇರುವುದಿಲ್ಲ. ಎಎಂಡಿಯ ಎಎಂ4, ಎಎಂ5, ಇಂಟೆಲ್‌ನ ಎಲ್‌ಜಿಎ1700, 1851 ಸಾಕೆಟ್ಟುಗಳನ್ನು ಬಿಟ್ಟು ಹಳೆಯ ಇಂಟೆಲ್ ಸಾಕೆಟ್ಟುಗಳಿಗೆ ಹೊಂದುವುದೂ ಇಲ್ಲ.

ಹೆಸರು ಯಾವುದೇ ಇರಲಿ, ಬಿಲ್ ಮಾಡಿಸುವ ಮೊದಲು ಪೆಟ್ಟಿಗೆ ಬಿಚ್ಚಿಸಿ ನಾಲ್ಕು ಸಂಗತಿ ನೋಡಿ. ನಿಮ್ಮ ಸಾಕೆಟ್ಟಿನ ಬ್ರ್ಯಾಕೆಟ್ ಒಳಗಿದೆಯೇ: ಎಲ್‌ಜಿಎ1200ರ ತೂತುಗಳ ನಡುವೆ 75 ಮಿಲಿಮೀಟರ್, 1700ರಲ್ಲಿ 78, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಹಳೆಯ ದಾಸ್ತಾನಿನಲ್ಲಿ ಹೊಸ ಬ್ರ್ಯಾಕೆಟ್ ಇಲ್ಲದಿರಬಹುದು. ತಯಾರಾದ ತಿಂಗಳು ಯಾವುದು: ನೀರು ರಬ್ಬರ್ ಟ್ಯೂಬಿನ ಗೋಡೆಯ ಮೂಲಕ ಬಹಳ ನಿಧಾನವಾಗಿ ಹೊರಹೋಗುತ್ತಿರುತ್ತದೆ, ಪೆಟ್ಟಿಗೆಯಲ್ಲಿ ಮಲಗಿದ್ದರೂ ವಯಸ್ಸಾಗುತ್ತದೆ. ಈ ಕಾರಣಕ್ಕೇ ಸೆಕೆಂಡ್‌ಹ್ಯಾಂಡ್ ಎಐಒ ಯಾವ ಬೆಲೆಗೂ ಬೇಡ. ರೇಡಿಯೇಟರ್ ರೆಕ್ಕೆಗಳು ಸಾಗಣೆಯಲ್ಲಿ ನಜ್ಜುಗುಜ್ಜಾಗಿವೆಯೇ ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

ಕ್ಯಾಬಿನೆಟ್ಟಿನ ಅಳತೆಯನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ. ಕ್ಯಾಬಿನೆಟ್ ಚಾವಣಿಯ ಒಳಮೈಯಿಂದ ಮದರ್‌ಬೋರ್ಡಿನ ಮೇಲಂಚಿನವರೆಗೆ ಸ್ಕೇಲ್ ಇಡಿ. 55 ಮಿಲಿಮೀಟರ್ ಇದ್ದರೆ ಸಾಮಾನ್ಯ 240 ನೆಮ್ಮದಿಯಾಗಿ ಕೂರುತ್ತದೆ. ಕಡಿಮೆಯಿದ್ದರೆ ಫ್ಯಾನ್ ರ‍್ಯಾಮ್ ಮೇಲೆ ಅಥವಾ ಪ್ರೊಸೆಸರಿಗೆ ಕರಂಟ್ ಹದಗೊಳಿಸಿ ಕೊಡುವ ವಿಆರ್‌ಎಂನ ಹೀಟ್‌ಸಿಂಕ್ ಮೇಲೆ ಬಂದು ನಿಲ್ಲುತ್ತದೆ. ಮುಂಭಾಗ ಗಾಜಿನ ಹಲಗೆಯಿಂದ ಮುಚ್ಚಿದ ಕ್ಯಾಬಿನೆಟ್ಟಾದರೆ ಮೊದಲು ಜಾಲರಿ ಮುಖದ ಕ್ಯಾಬಿನೆಟ್ಟಿಗೆ ಹಣ ಹಾಕಿ. ಗಾಳಿ ಒಳಬರದ ಪೆಟ್ಟಿಗೆಯಲ್ಲಿ ಯಾವ ಕೂಲರೂ ಸೋಲುತ್ತದೆ. ಪ್ಲೈವುಡ್ ಕಂಪ್ಯೂಟರ್ ಮೇಜಿನ ಗೂಡಿನೊಳಗೆ ತುರುಕಿಟ್ಟ ಕಂಪ್ಯೂಟರಿನದ್ದೂ ಅದೇ ಕಥೆ. ಹಿಂದಿನಿಂದ ಹೊರಬಂದ ಬಿಸಿಗಾಳಿ ಗೂಡಿನೊಳಗೇ ಸುತ್ತಿ ಮತ್ತೆ ಮುಂದಿನಿಂದ ಒಳಹೋಗುತ್ತದೆ, ಹೊರಗೆ 32 ಇದ್ದರೂ ರೇಡಿಯೇಟರಿಗೆ ಸಿಗುವುದು 40ರ ಗಾಳಿ. ಗೂಡಿನಿಂದ ತೆಗೆದು ಪಕ್ಕದ ಮಣೆಯ ಮೇಲಿಡಲು ಒಂದು ರೂಪಾಯಿಯೂ ಬೇಡ.

ಕೂರಿಸುವುದು

ಹೆಚ್ಚಿನ ದೂರುಗಳ ಮೂಲ ಇಲ್ಲಿದೆ. ಹಳೆಯ ಕೂಲರ್ ತೆಗೆಯುವಾಗ ಎಎಂ4 ಇರುವವರು ಹುಷಾರು. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪ್ರೊಸೆಸರಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಸಡಿಲಿಸಿ, ಆಮೇಲೆ ಎತ್ತಿ. ನೇರ ಎಳೆದರೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗುತ್ತವೆ. ನಾಲ್ಕು ಸ್ಕ್ರೂ ತೆಗೆದರೆ ಹಿಂದಿನ ಬ್ಯಾಕ್‌ಪ್ಲೇಟ್ ಕೆಳಗೆ ಬೀಳುತ್ತದೆ, ಒಂದು ಕೈಯಲ್ಲಿ ಹಿಡಿದಿರಿ. ಎಎಂ5ರಲ್ಲಿ ಇವೆರಡೂ ಕಾಟವಿಲ್ಲ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೊಸ ಬ್ಲಾಕಿನ ತಳದಲ್ಲಿರುವ ಪ್ಲಾಸ್ಟಿಕ್ ಪೊರೆಯನ್ನು ಸುಲಿಯಿರಿ. ಇದನ್ನು ಮರೆತು ಕೂಲರ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ಸು ಒಯ್ಯುವವರು ಕಡಿಮೆಯಿಲ್ಲ. ಎಎಂಡಿಗೆ ನಡುವೆ ಹೆಸರುಕಾಳಿನಷ್ಟು ಪೇಸ್ಟ್, ನಾಲ್ಕು ಮೂಲೆಗೆ ಅದರ ಅರ್ಧದಷ್ಟು ಚುಕ್ಕಿ. ಉದ್ದನೆಯ ಇಂಟೆಲ್ 1700ಕ್ಕೆ ಉದ್ದಕ್ಕೆ ಒಂದು ಗೆರೆ ಹೆಚ್ಚು ಒಪ್ಪುತ್ತದೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಬ್ಲಾಕ್ ಓರೆಯಾಗಿ ಒಂದು ಬದಿಯ ಪೇಸ್ಟ್ ಹೊರಗೆ ಹಿಂಡಿ ಹೋಗುತ್ತದೆ.

ರೇಡಿಯೇಟರ್ ಎಲ್ಲಿ ಎನ್ನುವುದಕ್ಕೆ ಒಂದೇ ನಿಯಮ: ಇಡೀ ವ್ಯವಸ್ಥೆಯಲ್ಲಿ ಪಂಪ್ ಅತಿ ಎತ್ತರದ ಜಾಗವಾಗಬಾರದು. ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ವರ್ಷ ಕಳೆದಂತೆ ಹೆಚ್ಚುತ್ತದೆ, ಅದು ಮೇಲಕ್ಕೇ ಏರುತ್ತದೆ. ರೇಡಿಯೇಟರ್ ಕ್ಯಾಬಿನೆಟ್ಟಿನ ತಳದಲ್ಲಿದ್ದರೆ ಗಾಳಿ ಪಂಪಿನಲ್ಲಿ ಕೂರುತ್ತದೆ, ಗುಳುಗುಳು ಸದ್ದು ಬರುತ್ತದೆ, ನೀರಿಲ್ಲದೆ ತಿರುಗಿ ಪಂಪ್ ಸವೆಯುತ್ತದೆ. ಮೇಲ್ಭಾಗದಲ್ಲಿ ಹೊರಗೆ ಊದುವಂತೆ ಕೂರಿಸುವುದೇ ಬಜೆಟ್ ಕ್ಯಾಬಿನೆಟ್ಟಿಗೆ ಸರಿ. ಮುಂಭಾಗದಲ್ಲಿ ಇಡಲೇಬೇಕಾದರೆ ರೇಡಿಯೇಟರಿನ ತುದಿ ಪಂಪಿಗಿಂತ ಮೇಲಿರಲಿ, ಟ್ಯೂಬು ಕೆಳಗಿನಿಂದ ಹೊರಟರೆ ಇನ್ನೂ ಒಳ್ಳೆಯದು. ಆದರೆ ಆಗ ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು ರೇಡಿಯೇಟರ್ ದಾಟಿ ಬಂದ ಬೆಚ್ಚನೆಯ ಗಾಳಿ.

ಪಂಪಿನ ತಂತಿ ಮದರ್‌ಬೋರ್ಡಿನಲ್ಲಿ ಎಐಒ ಪಂಪ್ ಎಂದು ಬರೆದ ಹೆಡರಿಗೆ (ತಂತಿ ಸೇರಿಸುವ ಪಿನ್ನುಗಳ ಗುಂಪು), ಬಯೋಸ್‌ನಲ್ಲಿ ಅದಕ್ಕೆ ಸದಾ ಪೂರ್ಣ ವೇಗ. ಫ್ಯಾನ್‌ಗಳು ಸಿಪಿಯು ಫ್ಯಾನ್ ಹೆಡರಿಗೆ. ಆರ್ಕ್ಟಿಕ್‌ನಲ್ಲಿ ಒಂದೇ ತಂತಿಯಲ್ಲಿ ಎಲ್ಲವೂ ಬರುತ್ತದೆ, ಪಂಪನ್ನು ಬೇರೆ ಮಾಡಲು ಜೊತೆಗಿರುವ ಕವಲು ತಂತಿ ಬಳಸಿ. ಬಣ್ಣದ ಲೈಟಿನ ಮೂರು ಪಿನ್ ತಂತಿ 5 ವೋಲ್ಟಿನದ್ದು, ಅದನ್ನು ನಾಲ್ಕು ಪಿನ್ನಿನ 12 ವೋಲ್ಟ್ ಹೆಡರಿಗೆ ಒತ್ತಿ ಸೇರಿಸಿದರೆ ಲೈಟು ಆ ಕ್ಷಣವೇ ಸುಡುತ್ತದೆ. ನೀರು ನಿಧಾನವಾಗಿ ಬಿಸಿಯಾಗಿ ನಿಧಾನವಾಗಿ ಆರುವುದರಿಂದ ಫ್ಯಾನ್ ವೇಗ ಪ್ರೊಸೆಸರಿನ ಪ್ರತಿ ಜಿಗಿತಕ್ಕೂ ಕುಣಿಯಬೇಕಿಲ್ಲ. ಬಯೋಸ್‌ನ ಫ್ಯಾನ್ ವಿಭಾಗದಲ್ಲಿ ಏರುವ-ಇಳಿಯುವ ವಿಳಂಬವನ್ನು ಐದು ಸೆಕೆಂಡಿಗೂ ಮೇಲೆ ಇಡಿ, ರಾತ್ರಿ ಕಿವಿಗೆ ನೆಮ್ಮದಿ.

ಪರೀಕ್ಷೆಗೆ ಐದು ನಿಮಿಷ ಸಾಲದು, ಅಷ್ಟರಲ್ಲಿ ನೀರೇ ಬಿಸಿಯಾಗಿರುವುದಿಲ್ಲ. ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಸಿನಿಬೆಂಚ್ ಆರ್23 ತಂತ್ರಾಂಶದಲ್ಲಿ 30 ನಿಮಿಷದ ಆಯ್ಕೆ ಇದೆ. ಉಷ್ಣತೆ ತೋರಿಸುವ ಎಚ್‌ಡಬ್ಲ್ಯುಇನ್ಫೊ64 ತೆರೆದಿಟ್ಟು ಕೊನೆಯ ಐದು ನಿಮಿಷದ ಸಂಖ್ಯೆಯನ್ನು ಕೋಣೆಯ ಉಷ್ಣತೆಯ ಜೊತೆಗೆ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಇದೇ ಪರೀಕ್ಷೆಯಲ್ಲಿ, ಕೋಣೆಯ ವ್ಯತ್ಯಾಸ ಕಳೆದ ಮೇಲೂ ಎಂಟು-ಹತ್ತು ಡಿಗ್ರಿ ಏರಿದ್ದರೆ ಧೂಳು, ಒಣಗಿದ ಪೇಸ್ಟ್ ಅಥವಾ ಒಳಗೆ ಕಟ್ಟಿದ ಗಸಿ, ಈ ಕ್ರಮದಲ್ಲಿ ಅನುಮಾನಿಸಿ.

ಉಪ್ಪು, ಮಳೆ, ಇರುವೆ

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಇಷ್ಟು ತೇವದಲ್ಲಿ ಕೊಳವೆಯ ಮೇಲೆ ನೀರು ಕಟ್ಟುವುದಿಲ್ಲವೇ? ಇಲ್ಲ. ಗಾಳಿಯ ತೇವ ಹನಿಯಾಗುವುದು ಅದಕ್ಕಿಂತ ತಣ್ಣಗಿನ ಮೈ ಸಿಕ್ಕಾಗ. 32 ಡಿಗ್ರಿ, 80 ಶೇಕಡಾ ತೇವದ ಗಾಳಿಗೆ ಆ ಗಡಿ ಸುಮಾರು 28 ಡಿಗ್ರಿ. ಕೆಲಸದಲ್ಲಿರುವ ಎಐಒದ ನೀರು ಯಾವಾಗಲೂ ಕೋಣೆಗಿಂತ ಬಿಸಿ. ಹನಿ ಕಟ್ಟುವ ಸಂದರ್ಭ ಬೇರೆಯದು: ರಾತ್ರಿಯಿಡೀ ಎ.ಸಿ. 22ರಲ್ಲಿ ಓಡಿ, ಕಂಪ್ಯೂಟರ್ ಆಫ್ ಆಗಿದ್ದು, ಬೆಳಗ್ಗೆ ಕಿಟಕಿ ತೆರೆದು ಮಳೆಗಾಲದ ಗಾಳಿ ಒಳಬಿಟ್ಟಾಗ. ತಂಪಾದ ಲೋಹದ ಮೇಲೆಲ್ಲ ಮಂಜು ಕೂರುತ್ತದೆ, ಮದರ್‌ಬೋರ್ಡ್ ಸಹ ಬಿಡುವುದಿಲ್ಲ. ಹಾಗಿದ್ದಾಗ ಅರ್ಧ ಗಂಟೆ ಬಿಟ್ಟು ಆನ್ ಮಾಡಿ.

ನಿಜವಾದ ಶತ್ರು ಉಪ್ಪು ಗಾಳಿ. ರೇಡಿಯೇಟರಿನ ಅಲ್ಯುಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು. ಅವುಗಳ ಮೇಲೆ ಧೂಳು ಕೂತು, ಆ ಧೂಳು ಉಪ್ಪನ್ನೂ ತೇವವನ್ನೂ ಹಿಡಿದಿಟ್ಟರೆ ಕಪ್ಪು ಬಣ್ಣ ಎದ್ದು ಬಿಳಿ ಪುಡಿ ಕಾಣಿಸುತ್ತದೆ. ಆದ್ದರಿಂದ ಧೂಳು ತೆಗೆಯುವುದು ಇಲ್ಲಿ ತಂಪಿಗಷ್ಟೇ ಅಲ್ಲ, ಆಯುಷ್ಯಕ್ಕೂ ಬೇಕು. ಪತ್ತನಾಜೆಯ (ಮೇ ಕೊನೆಯ ತುಳುನಾಡ ಆಚರಣೆ) ಹೊತ್ತಿಗೆ ಒಮ್ಮೆ, ಮಳೆ ಶುರುವಾಗುವ ಮುನ್ನ. ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಹಚ್ಚುವ ಮೊದಲು ಇನ್ನೊಮ್ಮೆ. ರೇಡಿಯೇಟರಿನ ಫ್ಯಾನ್ ಬಿಚ್ಚಿದರೆ ಅದಕ್ಕೂ ರೆಕ್ಕೆಗಳಿಗೂ ನಡುವೆ ಕೆಮ್ಮಣ್ಣಿನ ಬಣ್ಣದ ಕಂಬಳಿಯಂಥ ಪದರ ಸಿಗುತ್ತದೆ. ಮೆತ್ತನೆಯ ಪೇಂಟ್ ಬ್ರಷ್‌ನಿಂದ ರೆಕ್ಕೆಯ ಉದ್ದಕ್ಕೇ ಸವರಿ, ಆಮೇಲೆ ಬ್ಲೋವರನ್ನು ಒಂದಡಿ ದೂರ ಹಿಡಿದು ಹಿಂಬದಿಯಿಂದ ಊದಿ. ಫ್ಯಾನ್ ಎಲೆಗಳನ್ನು ಬೆರಳಿನಿಂದ ಹಿಡಿದಿರಿ, ಬ್ಲೋವರಿನ ರಭಸಕ್ಕೆ ತಿರುಗಿದರೆ ಬೇರಿಂಗ್ ಹಾಳು. ಪೆಟ್ರೋಲ್ ಬಂಕಿನ ಟಯರ್ ಗಾಳಿ ಮಾತ್ರ ಎಂದಿಗೂ ಬೇಡ. ಕಂಪ್ರೆಸರ್ ತೊಟ್ಟಿಯಲ್ಲಿ ನೀರು ಕೂತಿರುತ್ತದೆ, ಜುಲೈಯಲ್ಲಿ ಅದು ತುಂತುರಿನಂತೆಯೇ ಹೊರಬರುತ್ತದೆ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಊರಿಗೆ ಹೋಗಿ ಕಂಪ್ಯೂಟರನ್ನು ವಾರಗಟ್ಟಲೆ ಆಫ್ ಇಡುವುದಕ್ಕಿಂತ ಮನೆಯಲ್ಲಿರುವವರಿಗೆ ಹೇಳಿ ಎರಡು ದಿನಕ್ಕೊಮ್ಮೆ ಒಂದು ಗಂಟೆ ಓಡಿಸಿ. ಒಳಗಿನ ಬೆಚ್ಚಗೆ ತೇವವನ್ನು ಓಡಿಸುತ್ತದೆ, ಪಂಪೂ ಕೂತಲ್ಲೇ ಅಂಟಿಕೊಳ್ಳುವುದಿಲ್ಲ. ಮಳೆ ಜೋರಾದಾಗ ಸಣ್ಣ ಇರುವೆಗಳು ಒಣ ಜಾಗ ಹುಡುಕಿ ಕ್ಯಾಬಿನೆಟ್ಟಿಗೆ ಬರುತ್ತವೆ. ಇರುವೆ ಚಾಕನ್ನು ಮೇಜಿನ ಕಾಲಿಗೆ ಎಳೆಯಿರಿ, ಕ್ಯಾಬಿನೆಟ್ಟಿನ ಒಳಗೆ ಬೇಡ, ಅದರ ಪುಡಿಯನ್ನು ಫ್ಯಾನ್ ಎಲ್ಲೆಡೆ ಹರಡುತ್ತದೆ. ಸಿಡಿಲು-ಗುಡುಗಿಗೆ ಕರಂಟ್ ಹಠಾತ್ತನೆ ಹೋದರೆ ಕೂಲರಿಗೆ ಏನೂ ಆಗದು. ಪಂಪ್ ನಿಂತಾಗ ಪ್ರೊಸೆಸರೂ ನಿಂತಿರುತ್ತದೆ.

ಪಂಪ್ ಸತ್ತರೆ ಗೊತ್ತಾಗುವುದು ಹೀಗೆ: ಆನ್ ಮಾಡಿ ಒಂದೆರಡು ನಿಮಿಷದಲ್ಲಿ, ಏನೂ ಕೆಲಸ ಕೊಡದಿದ್ದರೂ, ಪ್ರೊಸೆಸರ್ 90 ದಾಟುತ್ತದೆ. ಎರಡೂ ಟ್ಯೂಬನ್ನು ಮುಟ್ಟಿ. ಹರಿವು ಇದ್ದರೆ ಎರಡೂ ಒಂದೇ ಬೆಚ್ಚಗೆ, ಆ 1.4 ಡಿಗ್ರಿಯ ಲೆಕ್ಕ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ, ಅಥವಾ ಬ್ಲಾಕ್ ಕಾದು ರೇಡಿಯೇಟರ್ ತಣ್ಣಗಿದ್ದರೆ ಹರಿವು ನಿಂತಿದೆ. ಬಯೋಸ್‌ನಲ್ಲಿ ಪಂಪಿನ ಸುತ್ತು ಸೊನ್ನೆಯಾಗಿದೆಯೇ ನೋಡಿ, ತಂತಿ ಸಡಿಲವಿರಬಹುದು. ಅದೂ ಸರಿಯಿದ್ದರೆ ಬಿಚ್ಚಿ ರಿಪೇರಿಗೆ ಕೈಹಾಕಬೇಡಿ, ಸೀಲ್ ಒಡೆದರೆ ವಾರಂಟಿ ಹೋಯಿತು.

ವಾರಂಟಿಗೆ ಹೋದ ಕೂಲರ್ ಹೆಚ್ಚಾಗಿ ಘಟ್ಟ ಹತ್ತಿ ಬೆಂಗಳೂರಿನ ಕಡೆಗೇ ಹೋಗಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಕೊರಿಯರ್ ಇನ್ನಷ್ಟು ತಡವಾಗುತ್ತದೆ. ಆದ್ದರಿಂದ ಪ್ರೊಸೆಸರ್ ಜೊತೆ ಬಂದ ಸ್ಟಾಕ್ ಕೂಲರ್ ಇದ್ದರೆ ಬಿಸಾಡಬೇಡಿ, ಎಎಂಡಿ ಪ್ರೊಸೆಸರ್ ಇರುವವರು ಸಾಕೆಟ್ಟಿನ ಪ್ಲಾಸ್ಟಿಕ್ ಬ್ರ್ಯಾಕೆಟ್ ಮತ್ತು ನಾಲ್ಕು ಸ್ಕ್ರೂಗಳನ್ನೂ ಒಂದು ಜಿಪ್ ಚೀಲದಲ್ಲಿ ಹಾಕಿ ಅದೇ ಪೆಟ್ಟಿಗೆಯಲ್ಲಿಡಿ. 5800ಎಕ್ಸ್, 13600ಕೆಯಂಥ ಪ್ರೊಸೆಸರ್‌ಗಳ ಜೊತೆ ಸ್ಟಾಕ್ ಕೂಲರ್ ಬರುವುದಿಲ್ಲ. ಅವರು ಏಳುನೂರು-ಎಂಟುನೂರು ರೂಪಾಯಿಗೆ ಸಿಗುವ ಸಣ್ಣ ಟವರೊಂದನ್ನು ಕೊಂಡಿಟ್ಟುಕೊಳ್ಳಲಿ. ಬಯೋಸ್‌ನಲ್ಲಿ ಮಿತಿಯನ್ನು 65 ವಾಟಿಗೆ ಇಳಿಸಿದರೆ ಹೊಸ ಕೂಲರ್ ಬರುವವರೆಗೆ ಮನೆಯ ಕೆಲಸ ನಿಲ್ಲುವುದಿಲ್ಲ.